ಹತ್ತಿ ಗಿರಣಿಯ ಪಾಳಿಯೂ ಕಾರ್ಯನಿರ್ವಹಣ ಶಾಸ್ತ್ರವೂ

ಒಂದು ಉದ್ಯಮದಲ್ಲಿ ಕೆಲಸಗಳು ಯಾವ ಕ್ರಮದಲ್ಲಿ, ಎಷ್ಟು ವೇಳೆಯಲ್ಲಿ, ಎಷ್ಟು ಜನರಿಂದ ನಡೆಯಬೇಕೆಂಬುದನ್ನು ವಿಚಾರಿಸುವ ವಿದ್ಯೆಗೆ ‘ಆಪರೇಷನ್ಸ್ ಮ್ಯಾನೇಜ್‌ಮೆಂಟ್’ ಎಂದು ಹೆಸರು. ಕನ್ನಡದಲ್ಲಿ ಕಾರ್ಯನಿರ್ವಹಣ ಶಾಸ್ತ್ರವೆನ್ನಬಹುದು. ಇದು ವಾಣಿಜ್ಯ ವಿಭಾಗದವರ ಸೊತ್ತು, ಬಿ.ಎ. ಓದುವ ನಮಗೆ ಇದರ ಗೊಡವೆ ಏಕೆಂದು ಸಹಪಾಠಿಗಳು ಕೇಳುವುದುಂಟು. ಆದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಒಕ್ಕಲು ಮಕ್ಕಳಿಗೆ ಇದರ ಮೊದಲ ಪಾಠ ಪುಸ್ತಕಕ್ಕಿಂತ ಮುಂಚೆಯೇ ಆಗಿರುತ್ತದೆ. ಹತ್ತಿ ಗಿರಣಿಯ ಬಾಗಿಲ ಮುಂದಿನ ಪಾಳಿಯೇ ಆ ಪಾಠ.

ಸುರಪುರದವರಿಗೆ ಟೇಲರ್ ಎಂದರೆ ಮೆಡೋಸ್ ಟೇಲರ್. ಬಾಲರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ, ೧೮೪೧ರಿಂದ, ಇಲ್ಲಿಯ ಆಡಳಿತ ನೋಡಿಕೊಂಡವನು, ಟೇಲರ್ ಮಂಜಿಲ್ ಕಟ್ಟಿಸಿದವನು. ಈ ಶಾಸ್ತ್ರದ ಟೇಲರ್ ಬೇರೆ. ಫ್ರೆಡರಿಕ್ ವಿನ್ಸ್ಲೋ ಟೇಲರ್ ಎಂಬ ಅಮೆರಿಕದ ಇಂಜಿನಿಯರನು ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ೧೯೧೧ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಗಡಿಯಾರ ಹಿಡಿದು ಕೂಲಿಕಾರನ ಒಂದೊಂದು ಚಲನೆಯನ್ನೂ ಅಳೆಯುವುದು ಅವನ ರೀತಿ. ಅದು ಮನುಷ್ಯನನ್ನು ಯಂತ್ರದಂತೆ ಕಾಣುತ್ತದೆಂಬ ಆಕ್ಷೇಪ ಅವನ ಕಾಲದಲ್ಲಿಯೇ ಬಂದಿತು. ಆಕ್ಷೇಪ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಗಡಿಯಾರವನ್ನು ದುಡಿಯುವವನ ಕಡೆಗೇ ಏಕೆ ಹಿಡಿಯಬೇಕು? ಕಾಯುವವನ ಕಡೆಗೂ ಹಿಡಿಯಬಹುದಲ್ಲವೆ?

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರಗಳಲ್ಲಿ ಭತ್ತ, ಹತ್ತಿಗಳ ಬೆಳೆ ಹೆಚ್ಚಿತು. ದೀಪಾವಳಿಯ ಸುಮಾರಿಗೆ ಹತ್ತಿ ಬಿಡಿಸುವುದು ಆರಂಭವಾದರೆ ನಾಲ್ಕೈದು ತಿಂಗಳಲ್ಲಿ ಎಲ್ಲವೂ ಮುಗಿಯಬೇಕು. ಹೀಗಾಗಿ ಎಲ್ಲರ ಗಾಡಿಗಳೂ ಒಮ್ಮೆಗೇ ಬರುತ್ತವೆ. ಒಂದು ಕ್ವಿಂಟಾಲ್ ಹತ್ತಿಯನ್ನು ಹಿಂಜಿದರೆ ಸುಮಾರು ೩೪ ಕಿಲೋ ಅರಳೆ ದೊರೆಯುತ್ತದೆ. ಉಳಿದದ್ದರಲ್ಲಿ ಬಹುಪಾಲು ಹತ್ತಿಕಾಳು. ನಮ್ಮ ದೇಶದಲ್ಲಿ ಅರಳೆಯ ಒಂದು ಅಂಡಿಗೆ, ಎಂದರೆ ಬೇಲು, ೧೭೦ ಕಿಲೋ ತೂಗುತ್ತದೆ. ಒಂದು ಅಂಡಿಗೆ ಕಟ್ಟಬೇಕಾದರೆ ಐದು ಕ್ವಿಂಟಾಲ್ ಹತ್ತಿ ಬೇಕೆಂದಾಯಿತು. ಅದರ ಜೊತೆಗೆ ಮೂರು ಕ್ವಿಂಟಾಲಿನಷ್ಟು ಕಾಳು ಅಂಗಳದಲ್ಲಿ ಬೀಳುತ್ತದೆ. ಎಣ್ಣೆ ಗಿರಣಿಯವರು ಕಾಳನ್ನು ಒಯ್ಯುವುದು ತಡವಾದರೆ ಹಿಂಜುವ ಯಂತ್ರ ಎಷ್ಟು ಗಟ್ಟಿಯಾಗಿದ್ದರೂ ನಿಲ್ಲಬೇಕಾಗುತ್ತದೆ. ಹೊರಗೆ ನಿಂತ ರೈತನಿಗೆ ಇದಾವುದೂ ಕಾಣದು. ತನ್ನ ಪಾಳಿ ಬಂದಿಲ್ಲವೆಂಬುದಷ್ಟೇ ಗೊತ್ತು.

ಇಲ್ಲಿ ನೆರವಿಗೆ ಬರುವ ಒಂದು ಸೂತ್ರವನ್ನು ಜಾನ್ ಲಿಟ್ಲ್ ಎಂಬ ವಿದ್ವಾಂಸನು ೧೯೬೧ರಲ್ಲಿ ಗಣಿತರೀತ್ಯಾ ಸಾಧಿಸಿ ತೋರಿಸಿದನು. ಒಳಗಿರುವ ಗಾಡಿಗಳ ಸರಾಸರಿ ಸಂಖ್ಯೆಯನ್ನು ಗಂಟೆಗೆ ಖಾಲಿಯಾಗಿ ಹೊರಡುವ ಗಾಡಿಗಳ ಸಂಖ್ಯೆಯಿಂದ ಭಾಗಿಸಿದರೆ, ಒಂದು ಗಾಡಿ ಒಳಗೆ ಕಳೆಯುವ ಸರಾಸರಿ ವೇಳೆ ಸಿಗುತ್ತದೆ. ಅಂಗಳದಲ್ಲಿ ಸದಾ ೨೦ ಗಾಡಿಗಳಿವೆ, ಗಂಟೆಗೆ ೪ ಖಾಲಿಯಾಗುತ್ತವೆ ಎಂದು ಭಾವಿಸೋಣ. ಕಾಯುವ ವೇಳೆ ಐದು ಗಂಟೆ. ಮಾಲೀಕರು ಉಪಕಾರವೆಂದು ತಿಳಿದು ಅಂಗಳವನ್ನು ೪೦ ಗಾಡಿಗಳಿಗೆ ವಿಸ್ತರಿಸಿದರೆ? ಹತ್ತು ಗಂಟೆಯಾಗುತ್ತದೆ, ಒಂದು ಕಿಲೋ ಹತ್ತಿಯೂ ಹೆಚ್ಚು ಹಿಂಜಿದಂತಾಗುವುದಿಲ್ಲ. ಎರಡನೆಯ ತೂಕದ ಕಾಟಾ ಹಾಕಿಸಿದರೂ ಅಷ್ಟೇ, ತಡೆ ಇರುವುದು ಇಳಿಸುವಲ್ಲಿಯಾದರೆ. ಸೀಸೆ ಎಷ್ಟು ದೊಡ್ಡದಾದರೂ ಎಣ್ಣೆ ಸುರಿಯುವುದು ಕೊರಳಿನ ಅಳತೆಗೆ. ಅದರ ಬದಲು ಯಾವ ಊರಿನವರು ಯಾವ ಹೊತ್ತಿಗೆ ಬರಬೇಕೆಂದು ಹಿಂದಿನ ದಿನವೇ ಫೋನಿನಲ್ಲಿ ತಿಳಿಸಿ ಅಂಗಳದಲ್ಲಿ ೧೨ ಗಾಡಿಗಳನ್ನಷ್ಟೇ ಇರಿಸಿಕೊಂಡರೆ ಮೂರು ಗಂಟೆ ಸಾಕು. ಗಿರಣಿಯ ಕೆಲಸ ಕುಂದುವುದಿಲ್ಲ. ಉಳಿದ ವೇಳೆಯನ್ನು ರೈತನು ತನ್ನ ಹೊಲದಲ್ಲಿ ಕಳೆಯುತ್ತಾನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಹತ್ತಿ ಹೇರಿದ ಟ್ರ್ಯಾಕ್ಟರಿನ ಮೇಲೆ ಚಳಿಯಲ್ಲಿ ರಾತ್ರಿ ಕಳೆದು ಬಂದದ್ದನ್ನು ಹಲವು ಸುಗ್ಗಿಗಳಲ್ಲಿ ಕಂಡಿದ್ದೇನೆ. ಬಾಡಿಗೆಯ ಟ್ರ್ಯಾಕ್ಟರು ಸುಮ್ಮನೆ ನಿಂತರೂ ಹಣ ಕೇಳುತ್ತದೆ. ಆ ಹಣ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ.

ಪದವಿ ಮುಗಿಯಿತೆಂದರೆ ಬಿ.ಎಡ್., ಪೊಲೀಸು, ಎಫ್.ಡಿ.ಎ. ಎಂಬ ಮೂರೇ ದಾರಿ ನಮ್ಮವರಿಗೆ ತೋರುತ್ತವೆ. ಸಂವಿಧಾನದ ೩೭೧(ಜೆ) ವಿಧಿ ೨೦೧೩ರಲ್ಲಿ ಜಾರಿಗೆ ಬಂದ ಮೇಲೆ ಸರಕಾರಿ ನೌಕರಿಯ ಆಸೆ ಬಲವಾದದ್ದು ಸಹಜವೇ. ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ತಹಶೀಲ್ ಕಚೇರಿಯ ಮೇಜಿನ ಮೇಲಿನ ಕಡತಗಳಿಗೂ ಲಿಟ್ಲನ ಸೂತ್ರವೇ ಅನ್ವಯಿಸುತ್ತದೆ. ಬಸ್ ಡಿಪೋಕ್ಕೂ, ಆಸ್ಪತ್ರೆಯ ಔಷಧದ ಕೋಣೆಗೂ, ಕಡೇಚೂರಿನ ಕಾರ್ಖಾನೆಗಳ ಉಗ್ರಾಣಕ್ಕೂ ಅದೇ. ಗಣಿತದ ಭಯ ಬೇಡ. ಆರಂಭಕ್ಕೆ ಗುಣಾಕಾರ, ಭಾಗಾಕಾರ ಬಂದರೆ ಸಾಕು. ತೊಡಕೆಲ್ಲ ಇಂಗ್ಲಿಷಿನದು. ೨೦೧೭ರಲ್ಲಿ ಆರಂಭವಾದ ಕೇಂದ್ರ ಸರಕಾರದ ‘ಸ್ವಯಂ’ ಯೋಜನೆಯಲ್ಲಿ ಐಐಟಿಯ ಅಧ್ಯಾಪಕರ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಒಮ್ಮೆಗೆ ಅರ್ಥವಾಗದಿದ್ದರೆ ನಿಲ್ಲಿಸಿ, ಮತ್ತೆ ಕೇಳಬಹುದು. ತರಗತಿಯಲ್ಲಿ ಈ ಸೌಕರ್ಯವಿಲ್ಲ, ಗುರುಗಳು ಕ್ಷಮಿಸಬೇಕು!

ಬರುವ ಸುಗ್ಗಿಯಲ್ಲಿ ನಮ್ಮ ಅರ್ಥಶಾಸ್ತ್ರ, ವಾಣಿಜ್ಯ ವಿಭಾಗಗಳು ಕೂಡಿ ಗಿರಣಿಯವರ ಅನುಮತಿ ಪಡೆದು ಒಂದು ದಿನದ ಮಟ್ಟಿಗೆ ಬಾಗಿಲಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ನಿಲ್ಲಿಸಲಿ. ಗಾಡಿಯ ನಂಬರು, ಒಳಬಂದ ವೇಳೆ ಒಬ್ಬರು ಬರೆದುಕೊಳ್ಳಲಿ. ಹೊರಟ ವೇಳೆ ಇನ್ನೊಬ್ಬರು. ಸಂಜೆಗೆ ಕೂಡಿಸಿ ಭಾಗಿಸಿ ಬಂದ ಲೆಕ್ಕವನ್ನು ಮಾಲೀಕರಿಗೂ ರೈತರಿಗೂ ಕನ್ನಡದಲ್ಲಿ ಕೊಡಲಿ. ಆ ಹೊತ್ತಿಗೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ; ಪಾಳಿಯಲ್ಲಿ ನಮ್ಮ ಗಾಡಿಯೂ ಇದ್ದೀತು.