ಚಲುವೆಪುಡಿ, ಆಮ್ಲ ಮತ್ತು ನಮ್ಮ ಬಚ್ಚಲುಮನೆ



ಹಬ್ಬ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಆರಂಭವಾಗುವುದು ತೊಳೆಯುವ ಕೆಲಸ. ಕಳೆದ ಯುಗಾದಿಯ ಹಿಂದಿನ ದಿನ ಜೀಡಿಮೆಟ್ಲಾದ ನಮ್ಮ ಓಣಿಯಲ್ಲಿಯೂ ಅದೇ ಸಂಭ್ರಮವಿದ್ದಿತು. ನೆರೆಮನೆಯ ತಾಯಿಯೊಬ್ಬರು, ಬೀದರ ಕಡೆಯವರು, ಬಚ್ಚಲಿನ ನೆಲಕ್ಕೆ ಚಲುವೆಪುಡಿಯನ್ನು, ಅಂದರೆ ಬ್ಲೀಚಿಂಗ್ ಪೌಡರನ್ನು, ಎರಚಿ ತಿಕ್ಕಿದರು. ಕಲೆ ಹೋಗಲಿಲ್ಲ. ಅದರ ಮೇಲೆಯೇ ತಳ್ಳುಬಂಡಿಯವನಿಂದ ಕೊಂಡಿದ್ದ ಆಸಿಡ್ಡನ್ನು ಸುರಿದರು. ಕ್ಷಣಮಾತ್ರದಲ್ಲಿ ಹಳದಿಹಸಿರು ಛಾಯೆಯ ಘಾಟು ಎದ್ದಿತು. ಉಸಿರು ಕಟ್ಟಿ, ಕಣ್ಣು ಕಾಣದೆ, ಆಕೆ ಅಲ್ಲಿಯೇ ಕುಸಿದರು. ಏಳನೆಯ ತರಗತಿಯಲ್ಲಿ ಓದುವ ಮಗಳು ಬಾಗಿಲು ತೆರೆದು ಹೊರಗೆಳೆದದ್ದರಿಂದ ಉಳಿದರು. ಒಂದು ರಾತ್ರಿ ಆಸ್ಪತ್ರೆಯಲ್ಲಿರಬೇಕಾಯಿತು. ಕೆಮ್ಮು ಎರಡು ವಾರ ಬಿಡಲಿಲ್ಲ. ನೋಡಲು ಹೋದಾಗ ಆಕೆ ನನಗೆ ಹೇಳಿದ ಮಾತಿದು: “ಎರಡೂ ಛಲೋನೇ ಅವ ಸರ್, ಕೂಡಿಸಿದ್ರ ಇನ್ನೂ ಛಲೋ ಆಗ್ತದಂತ ತಿಳಕೊಂಡೆ.”

ಈ ತಿಳಿವಳಿಕೆ ಆಕೆಯೊಬ್ಬರದೇ ಅಲ್ಲವಾದುದರಿಂದ ವಿಷಯವನ್ನು ತುಸು ವಿಚಾರಿಸೋಣ.

ಸ್ವೀಡನ್ನಿನ ಔಷಧಿಕಾರ ಷೀಲೆ ಎಂಬವನು 1774ರಲ್ಲಿ ಮ್ಯಾಂಗನೀಸ್ ಅದಿರನ್ನು ಹೈಡ್ರೋಕ್ಲೋರಿಕ್ ಆಮ್ಲದೊಡನೆ ಕಾಯಿಸಿ ಒಂದು ಹೊಸ ಅನಿಲವನ್ನು ಪಡೆದನು. ಅದಕ್ಕೆ ಕ್ಲೋರಿನ್ ಎಂದು ಹೆಸರಿಟ್ಟವನು ಇಂಗ್ಲೆಂಡಿನ ಡೇವಿ, 1810ರಲ್ಲಿ. ಈ ಅನಿಲವನ್ನು ಅರಳಿದ ಸುಣ್ಣದಲ್ಲಿ ಹಿಡಿದಿಟ್ಟು ಪುಡಿಯಾಗಿ ಮಾಡುವ ವಿಧಾನವು 1799ರಲ್ಲಿ ಬಂದಿತು. ಅದೇ ಚಲುವೆಪುಡಿ. ಅದನ್ನು ಕಟ್ಟಿಹಾಕಿದ ಕ್ಲೋರಿನ್ ಎನ್ನಬಹುದು. ಆಮ್ಲವು ಸೋಕಿದೊಡನೆ ಆ ಕಟ್ಟು ಬಿಚ್ಚುತ್ತದೆ. ದ್ರವರೂಪದ ಬ್ಲೀಚಿಗೂ ಇದೇ ಮಾತು ಸಲ್ಲುವುದು. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯವು ಶತ್ರುಗಳ ಕಂದಕಗಳ ಮೇಲೆ ಬಿಟ್ಟದ್ದು ಈ ಅನಿಲವನ್ನೇ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತು ನೆಲ ತಿಕ್ಕುವವರ ಮುಖ ಎಲ್ಲಿರುವುದೆಂಬುದನ್ನು ಯೋಚಿಸಿ ನೋಡಿ. ಶ್ವಾಸನಾಳದ ತೇವದೊಡನೆ ಕೂಡಿ ಅದು ಅಲ್ಲಿಯೇ ಆಮ್ಲವಾಗಿ ಒಳಗಿನ ಪೊರೆಯನ್ನು ಸುಡುತ್ತದೆ.

ಹಾಗೆಂದು ಚಲುವೆಪುಡಿಯನ್ನು ಬೈಯುವುದು ನ್ಯಾಯವಲ್ಲ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಇದರ ದ್ರಾವಣದಲ್ಲಿ ಎಲ್ಲರೂ ಕೈತೊಳೆಯಬೇಕೆಂದು ಕಟ್ಟಳೆ ಮಾಡಿದ ಮೇಲೆ ಬಾಣಂತಿಯರ ಸಾವು ಬಹಳ ಇಳಿಯಿತು. ಮನೆಯಲ್ಲಿ ವಾಂತಿಭೇದಿಯಾದವರಿದ್ದಾಗ ಇದು ಉಪಕಾರಿಯೇ. ಆದರೆ ಅದು ಒಂಟಿಯಾಗಿಯೇ ಇರಬೇಕು. ಶೌಚಾಲಯ ತೊಳೆಯುವ ನೀಲಿ ದ್ರವಗಳಲ್ಲಿ ಅನೇಕವುಗಳಲ್ಲಿ ಇರುವುದೂ ಹೈಡ್ರೋಕ್ಲೋರಿಕ್ ಆಮ್ಲವೇ. ಅಮೋನಿಯಾದೊಡನೆ ಬೆರೆತರೆ ಕ್ಲೋರಮೀನ್ ಎಂಬ ಬೇರೊಂದು ಘಾಟು ಏಳುವುದು. ಮೂತ್ರ ನಿಂತ ತಾವಿಗೆ ನೀರು ಹಾಯಿಸದೆ ಬ್ಲೀಚ್ ಸುರಿದರೂ ಹೀಗಾಗಬಹುದು.

ಇನ್ನು ಆಮ್ಲದ ವಿಚಾರ. ಕೊಳವೆಬಾವಿಯ ಗಡಸುನೀರು ಒಣಗಿದಲ್ಲೆಲ್ಲ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ಆಮ್ಲ ಹೊಯ್ದರೆ ನೊರೆ ಬಂದು ಕರಗುವುದು ನಿಜ. ಆದರೆ ಹೈದರಾಬಾದಿನ ಎಷ್ಟೋ ಹಳೆಯ ಮನೆಗಳ ನೆಲ ಯಾವುದರದು? ಕಲಬುರಗಿ ಜಿಲ್ಲೆಯ ಶಹಾಬಾದಿನಿಂದಲೋ, ಗಡಿಯ ಈಚೆಗಿನ ತಾಂಡೂರಿನಿಂದಲೋ ಬಂದ ಹಾಸುಗಲ್ಲಿನದು. ಅದೂ ಸುಣ್ಣಕಲ್ಲೇ! ಕಲ್ಲಿನ ಮೇಲೆ ಆಮ್ಲವು ಭುಸ್ಸೆಂದು ನೊರೆಯೆಬ್ಬಿಸಿದಾಗ ಕೊಳೆ ಕಿತ್ತುಬಂದಿತೆಂದು ನಾವು ಹಿಗ್ಗುತ್ತೇವೆ, ಕಿತ್ತುಬರುತ್ತಿರುವುದು ನೆಲ. ನಯ ಕಳೆದುಕೊಂಡ ಕಲ್ಲು ಮರುದಿನದಿಂದ ಇನ್ನೂ ಬೇಗ ಕೊಳೆ ಹಿಡಿಯುತ್ತದೆ, ಇನ್ನೂ ಹೆಚ್ಚು ಆಮ್ಲ ಬೇಡುತ್ತದೆ. ನನ್ನ ಮನೆಯ ಬಚ್ಚಲಿನಲ್ಲಿಯೇ ಇದನ್ನು ವರ್ಷಗಟ್ಟಲೆ ಮಾಡಿದೆನೆಂದು ಒಪ್ಪಿಕೊಳ್ಳಲು ರಸಾಯನಶಾಸ್ತ್ರ ಕಲಿಸುವ ನನಗೆ ನಾಚಿಕೆಯಾಗುತ್ತದೆ.

ನಮ್ಮ ಜೀಡಿಮೆಟ್ಲಾ ಕೈಗಾರಿಕೆಗಳ ಊರು. ಇಲ್ಲಿನ ಕಾರ್ಖಾನೆಗಳ ಕೊಳೆನೀರನ್ನು ಸಂಸ್ಕರಿಸಲು ಪ್ರತ್ಯೇಕ ಸ್ಥಾವರವೇ ಇರುವುದು. ನಿಮ್ಮಲ್ಲಿ ಕೆಲವರ ತಂದೆಯವರು ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿಯುವವರು. ಅಲ್ಲಿ ಆಮ್ಲದ ಪೀಪಾಯಿಯ ಮೇಲೆ ಹೆಸರೂ ಅಪಾಯದ ಚಿಹ್ನೆಯೂ ಇರತಕ್ಕದ್ದು, ಮುಟ್ಟುವವರಿಗೆ ಕೈಗವಸು ಇರತಕ್ಕದ್ದು. ಅದೇ ಆಮ್ಲವು ಮನೆಗೆ ಬರುವಾಗ ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ, ಹೆಸರಿಲ್ಲದೆ, ಬರಿಗೈಗೆ ಬರುತ್ತದೆ. 18 ವರ್ಷ ತುಂಬದವರಿಗೆ ಆಮ್ಲ ಮಾರಕೂಡದು, ಕೊಳ್ಳುವವರ ಹೆಸರು ವಿಳಾಸಗಳನ್ನು ಬರೆದಿಡಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲಿಯೇ ಆಜ್ಞೆ ಮಾಡಿದೆ. ತಳ್ಳುಬಂಡಿಯವನ ಬಳಿ ಅಂಥ ಪುಸ್ತಕವನ್ನು ನಾನಂತೂ ಕಂಡಿಲ್ಲ. ದಾಹಗೊಂಡ ಮಗುವಿಗೆ ಆ ಬಾಟಲಿಯು ಪಾನೀಯದ ಬಾಟಲಿಯಲ್ಲದೆ ಮತ್ತೇನು?

ಒಂದೇ ಸಲಕ್ಕೆ ಆಗುವ ಅನಾಹುತವಲ್ಲದೆ ನಿಧಾನವಾಗಿ ಆಗುವ ಹಾನಿಯೂ ಉಂಟು. ನಾರ್ವೆ ದೇಶದ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಸಾವಿರಕ್ಕೂ ಮಿಕ್ಕ ಜನರ 20 ವರ್ಷಗಳ ವಿವರಗಳನ್ನು ಪರಿಶೀಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯಲ್ಲಿ ಶುಚಿಕಾರ್ಯ ಮಾಡುವ ಹೆಂಗಸರ ಶ್ವಾಸಕೋಶದ ಶಕ್ತಿಯು ಮಾಡದವರಿಗಿಂತ ವೇಗವಾಗಿ ಕುಗ್ಗಿದುದು ಕಂಡುಬಂದಿತು.

ಹಾಗಾದರೆ ಏನನ್ನು ಬಳಸಬೇಕು? ನೆಲಕ್ಕೆ ನಿತ್ಯವೂ ಸಾಬೂನಿನ ನೀರು ಸಾಕು. ಅಂಟುವಾಳದ ಕಾಯನ್ನು, ಇಲ್ಲಿಯವರು ಕುಂಕುಡುಕಾಯಿ ಎನ್ನುವರಲ್ಲ ಅದನ್ನು, ರಾತ್ರಿ ನೆನೆಸಿ ಬೆಳಿಗ್ಗೆ ಕುದಿಸಿ ಸೋಸಿದರೆ ಒಳ್ಳೆಯ ನೊರೆನೀರು ಸಿಗುವುದು. ಕಣ್ಣಿಗೆ ಮಾತ್ರ ತಾಗಿಸಬೇಡಿ. ಜಿಡ್ಡಿಗೆ ಅಡುಗೆ ಸೋಡಾ. ನಲ್ಲಿಯ ಬಿಳಿ ಪದರಕ್ಕೆ ನಿಂಬೆರಸದಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿ ತಿಕ್ಕಿರಿ. ಹಿತ್ತಾಳೆಗೆ ಹುಣಸೆಹಣ್ಣು ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಮೊದಲು ಬೇರ್ಪಡಿಸಿದವನೂ ಮೇಲೆ ಹೇಳಿದ ಷೀಲೆಯೇ, 1769ರಲ್ಲಿ, ದ್ರಾಕ್ಷಾರಸದ ಗಸಿಯಿಂದ. ಆದರೆ ಹುಣಸೆ, ನಿಂಬೆ, ವಿನೆಗರ್ ಎಲ್ಲವೂ ಆಮ್ಲಗಳೆಂಬುದನ್ನು ಮರೆಯಬಾರದು. ಇವು ಅಡುಗೆಮನೆಯವಾದ ಮಾತ್ರಕ್ಕೆ ಚಲುವೆಪುಡಿಯೊಡನೆ ಸೇರಿ ಕ್ಲೋರಿನ್ನನ್ನು ಬಿಡದೆ ಇರವು. ಶಹಾಬಾದ್ ಕಲ್ಲಿಗೂ ಇವು ಸಲ್ಲವು. ವಿನೆಗರನ್ನೂ ಅಡುಗೆ ಸೋಡಾವನ್ನೂ ಕೂಡಿಸಿ ತೊಳೆಯಿರಿ ಎಂಬ ಉಪದೇಶವನ್ನು ಈಗ ಎಲ್ಲೆಡೆ ಕೇಳುತ್ತೇವೆ. ನೊರೆ ನೋಡಲು ಚೆನ್ನ. ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ತೀರಿಸಿಕೊಂಡು ಕೊನೆಗುಳಿಯುವುದು ಬಹುಮಟ್ಟಿಗೆ ಲವಣದ ನೀರು.

ಆಕಸ್ಮಿಕವಾಗಿ ಘಾಟು ಎದ್ದರೆ ಅದನ್ನು ತೊಳೆಯಲು ಒಳಗೆ ನಿಲ್ಲಬೇಡಿ. ಹೊರಗೆ ಗಾಳಿಗೆ ಬನ್ನಿ, ಇತರರನ್ನು ಕರೆತನ್ನಿ. ಕಣ್ಣಿಗೋ ಚರ್ಮಕ್ಕೋ ಆಮ್ಲ ಬಿದ್ದರೆ ಹರಿಯುವ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ಬಿಡದೆ ತೊಳೆಯಬೇಕು. ನುಂಗಿದವರಿಗೆ ವಾಂತಿ ಮಾಡಿಸಕೂಡದು, ಏಕೆಂದರೆ ಸುಟ್ಟ ದಾರಿಯಲ್ಲಿಯೇ ಅದು ಮತ್ತೆ ಸುಡುತ್ತ ಬರುವುದು. ಕೂಡಲೇ 108ಕ್ಕೆ ಫೋನ್ ಮಾಡಿರಿ. ಆ ಸೇವೆ 2005ರಲ್ಲಿ ಆರಂಭವಾದುದು ನಮ್ಮ ಹೈದರಾಬಾದಿನಲ್ಲಿಯೇ. ಬಾಟಲಿಯನ್ನು ವೈದ್ಯರಿಗೆ ತೋರಿಸಲು ಒಯ್ಯಿರಿ.

ನಿಮಗೊಂದು ಕೆಲಸವಿದೆ. ಅಂಗಡಿಯ ಬಾಟಲಿಗಳ ಮೇಲಿನ ಎಚ್ಚರಿಕೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ, ಕನ್ನಡದಲ್ಲಿ ಇರುವುದು ಇಲ್ಲಿ ಅಪರೂಪ. ನಿಮ್ಮ ತಾಯಂದಿರಲ್ಲಿ ಅನೇಕರು ಕನ್ನಡವನ್ನು ಮಾತ್ರ ಓದಬಲ್ಲವರು. ಮೇಲೆ ಹೇಳಿದ ಹುಡುಗಿ ಹಬ್ಬ ಮುಗಿದ ಮೇಲೆ ಮನೆಯ ಬಾಟಲಿಗಳನ್ನೆಲ್ಲ ಸಾಲಾಗಿಟ್ಟು ಎಣಿಸಿದಳು. ಒಟ್ಟು ಒಂಬತ್ತು, ನಾಲ್ಕಕ್ಕೆ ಹೆಸರೇ ಇರಲಿಲ್ಲ. ಉಳಿದವುಗಳ ಮೇಲಿನದನ್ನು ತಾನು ಓದಿ, ನೋಟುಪುಸ್ತಕದ ಹಾಳೆ ಹರಿದು, ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದಾಳೆ: “ಇದು ಆಮ್ಲ. ಬ್ಲೀಚಿನ ಜೊತೆ ಬೇಡ ಅವ್ವಾ.”