ಗೂಡಿನ ಹಕ್ಕಿಗೆ ಯಾವ ಕಾಳು?

ಈಗೀಗ ತೋಟದ ಮನೆಗಳ ಜಗಲಿಯಲ್ಲೂ ತಂತಿಗೂಡು ಕಾಣುತ್ತಿದೆ. ಹೆಚ್ಚಿನವು ಮಕ್ಕಳ ಹಟಕ್ಕೆ ತಂದವು. ಪೇಟೆಯಲ್ಲಿ 'ಲವ್ ಬರ್ಡ್ಸ್' ಅಂತ ಮಾರುವ ಈ ಪುಟ್ಟ ಗಿಳಿಯ ಸರಿಯಾದ ಹೆಸರು ಬಡ್ಜರಿಗಾರ್. ಮೂಲ ಆಸ್ಟ್ರೇಲಿಯಾ. (ನಮ್ಮ ಕಾಡಿನ ಗಿಳಿಯನ್ನು ಹಿಡಿದು ಗೂಡಿಗೆ ಹಾಕುವುದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಅದರ ಆಸೆ ಬೇಡ.) ನಮ್ಮಲ್ಲಿ ಎರಡು ಜೋಡಿ ಇವೆ.

ಒಣ ಬಯಲಿನ ಹುಲ್ಲುಬೀಜ ತಿಂದು ಬದುಕುವ ಹಕ್ಕಿ ಇದು. ಹಾಗಾಗಿ ನವಣೆ, ಬರಗು, ಸಾಮೆ ಚೆನ್ನಾಗಿ ಹಿಡಿಸುತ್ತವೆ. ಆದರೆ ಸಿಪ್ಪೆ ಇರುವ ಇಡೀ ಕಾಳೇ ಬೇಕು. ದಿನಸಿ ಅಂಗಡಿಯ ನವಣೆ ಅಕ್ಕಿ ಬೇಗ ಕಮಟು ಹಿಡಿಯುತ್ತದೆ.

ಕಾಳು ಒಳ್ಳೆಯದೋ ಅಲ್ಲವೋ ತಿಳಿಯುವುದು ಹೇಗೆ? ಬಿತ್ತನೆ ಬೀಜಕ್ಕೆ ನಾವು ಮಾಡುವ ಪರೀಕ್ಷೆಯೇ ಸಾಕು. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕೈದು ದಿನದಲ್ಲಿ ಎಂಬತ್ತಾದರೂ ಮೊಳೆತರೆ ತನ್ನಿ. ಅರ್ಧವೂ ಮೊಳೆಯದಿದ್ದರೆ ಅದು ಹಳೇ ಸರಕು, ಬಿಟ್ಟುಬಿಡಿ.

ಹಾಗಂತ ಬಿತ್ತಿ ಉಳಿದ ಬೀಜವನ್ನೇ ಹಾಕೀರಿ, ಜೋಕೆ! ನಮ್ಮ ನೆಂಟರೊಬ್ಬರ ಮನೆಯಲ್ಲಿ ಹಸುವಿನ ಮೇವಿಗೆಂದು ತಂದ ಸಜ್ಜೆ ಬೀಜ ಒಂದು ಹಿಡಿ ಗೂಡಿಗೆ ಹೋಯಿತು. ಬೀಜೋಪಚಾರ ಮಾಡಿದ ಗುಲಾಬಿ ಬಣ್ಣದ ಬೀಜ. ತೊಳೆದೇ ಹಾಕಿದ್ದರಂತೆ. ಮೂರನೇ ದಿನಕ್ಕೆ ಗೂಡು ಖಾಲಿ. ಹಕ್ಕಿಯ ತೂಕವೇ ಮೂವತ್ತು-ನಲವತ್ತು ಗ್ರಾಂ. ಅದಕ್ಕೆ ಎಷ್ಟು ವಿಷ ಬೇಕು ಹೇಳಿ? ಬಣ್ಣ ಬಿಟ್ಟರೂ ಔಷಧಿ ಪೂರ್ತಿ ಬಿಡುವುದಿಲ್ಲ.

ಇನ್ನೊಂದು ಶತ್ರು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಅಫ್ಲಟಾಕ್ಸಿನ್ ಎಂಬ ವಿಷ ಗೊತ್ತಾದದ್ದೇ ಆಮೇಲೆ. ಹುರಿದರೆ ಆ ವಿಷ ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದರೆ ಗೊಬ್ಬರ ಗುಂಡಿಗೆ ಎಸೆದುಬಿಡಿ, ಕೋಳಿಗೂ ಹಾಕಬೇಡಿ.

ಬರೀ ಕಾಳಲ್ಲಿ ಎ ಜೀವಸತ್ವವೂ ಸುಣ್ಣದ ಅಂಶವೂ ಸಾಲದು. ನುಗ್ಗೆಸೊಪ್ಪಿನ ಒಂದು ಎಸಳು, ಕೊತ್ತಂಬರಿ ಸೊಪ್ಪು, ತುರಿದ ಕ್ಯಾರೆಟ್ ದಿನಕ್ಕೊಂದರಂತೆ ಕೊಡಿ. ಮೊಟ್ಟೆ ಚಿಪ್ಪನ್ನು ಕುದಿಸಿ, ಒಣಗಿಸಿ, ಪುಡಿ ಮಾಡಿ ಇಟ್ಟರೆ ಬೇಕಾದಷ್ಟು ಕುಕ್ಕಿಕೊಳ್ಳುತ್ತವೆ. ಬೋರ್ಡೋ ಹೊಡೆದ ಅಡಿಕೆ ಮರದಡಿಯ ಸೊಪ್ಪು ಮಾತ್ರ ಬೇಡ. ಸೂರ್ಯಕಾಂತಿ ಬೀಜ ಹಕ್ಕಿಗೆ ಬಲು ಇಷ್ಟ, ಆದರೆ ಬರೀ ಜಿಡ್ಡು. ಎಂದಾದರೊಮ್ಮೆ ನಾಲ್ಕು ಕಾಳು ಸಾಕು.

ಕಾಫಿ ತೋಟದವರಿಗೆ ಒಂದು ಮಾತು. ಬೆಣ್ಣೆಹಣ್ಣು ನಮಗೆ ಒಳ್ಳೆಯದು, ಈ ಹಕ್ಕಿಗೆ ವಿಷ. ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಹೃದಯಕ್ಕೇ ಪೆಟ್ಟು ಕೊಡುತ್ತದೆ, ಒಂದೆರಡು ದಿನದಲ್ಲೇ ಸಾಯಬಹುದು. ಎಲೆಯೂ ಆಗದು.

ಒಂದು ಹಕ್ಕಿಗೆ ದಿನಕ್ಕೆ ಒಂದೆರಡು ಟೀ ಚಮಚ ಕಾಳು ಸಾಕು. ಇವು ಸಿಪ್ಪೆ ಸುಲಿದು ಒಳಗಿನದ್ದು ತಿಂದು, ಸಿಪ್ಪೆಯನ್ನು ಬಟ್ಟಲಲ್ಲೇ ಬಿಡುತ್ತವೆ. ನೋಡಿದವರಿಗೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಅದನ್ನು ನಂಬಿ ನೆಂಟರ ಮನೆಗೆ ಹೊರಟರೆ ಹಕ್ಕಿ ಉಪವಾಸ! ದಿನಾ ಬೆಳಿಗ್ಗೆ ಊದಿ, ಸಿಪ್ಪೆ ಹಾರಿಸಿ ನೋಡಿ.

ಮಳೆಗಾಲಕ್ಕೆ ಮೂಟೆಗಟ್ಟಲೆ ತಂದಿಡಬೇಡಿ. ತಿಂಗಳಿಗಾಗುವಷ್ಟು ತಂದು, ಬಿಸಿಲು ಸಿಕ್ಕಾಗ ಒಣಗಿಸಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬಿತ್ತನೆ ಬೀಜದ ಚೀಲದ ಪಕ್ಕ ಆ ಡಬ್ಬಿ ಇಡಬೇಡಿ.