ಹಸಿಯ ಆಹಾರವೂ ಅಲ್ಪಕಾಲದ ನಿಯಮವೂ

ಮಳೆಗಾಲದಲ್ಲಿ ಶಿವನಸಮುದ್ರದ ಬಳಿ ಕಾವೇರಿಯು ಕೆಂಪಾಗಿ ಹರಿಯುತ್ತಾಳೆ. ದ್ವೀಪವನ್ನು ಬಳಸಿ ಎರಡು ಕವಲಾಗಿ, ಒಂದೆಡೆ ಗಗನಚುಕ್ಕಿಯಾಗಿಯೂ ಇನ್ನೊಂದೆಡೆ ಭರಚುಕ್ಕಿಯಾಗಿಯೂ ಧುಮುಕುವ ಆ ನೀರನ್ನು ನೋಡಿ ಕಣ್ತುಂಬಿಕೊಳ್ಳುವವರು ಅನೇಕರು. ಆದರೆ ಅದನ್ನು ಹಾಗೆಯೇ ಬೊಗಸೆಯಲ್ಲಿ ತುಂಬಿ ಕುಡಿಯುವವರು ವಿರಳ. ಇದೇ ನದಿಯ ನೀರು ಇಲ್ಲಿನ ಶಿವ ಅಣೆಕಟ್ಟೆಯಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಸಾಗಿ, ಅಲ್ಲಿ ಶೋಧಿಸಲ್ಪಟ್ಟು, 1974ರಿಂದ ಬೆಂಗಳೂರಿನ ಮನೆಗಳನ್ನು ತಲುಪುತ್ತಿದೆ. ಜೈನ ಗೃಹಸ್ಥನಾದರೋ ಇಂತಹ ಯಂತ್ರಗಳು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನಿಂದಲೇ ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ನೀರನ್ನು ಸೋಸಿ ಕುಡಿಯುತ್ತ ಬಂದವನು. ಪ್ರಕೃತಿಯಿಂದ ದೊರೆತದ್ದೆಲ್ಲವೂ ದೊರೆತ ರೂಪದಲ್ಲಿಯೇ ಸೇವನೀಯವಲ್ಲ ಎಂಬ ವಿವೇಕವು ಈ ಆಚಾರದ ಬೇರಿನಲ್ಲಿದೆ.

ಈ ವಿವೇಕವನ್ನು ಇಂದು ಮತ್ತೊಮ್ಮೆ ನೆನೆಯಬೇಕಾದ ಸಂದರ್ಭವೊದಗಿದೆ. ಬೆಂಕಿಯ ಮೇಲೆ ಬೇಯಿಸದ ಆಹಾರವನ್ನು ಒಂದು ವಾರವೋ ಎರಡು ವಾರವೋ ಸೇವಿಸಿ ನೋಡುವ ಪದ್ಧತಿ ಪಟ್ಟಣಗಳಲ್ಲಿ ಹಬ್ಬಿದ್ದು, ಗ್ರಾಮಗಳನ್ನೂ ಮುಟ್ಟಿದೆ. ಚಾತುರ್ಮಾಸದಲ್ಲಿ ಯಾವುದಾದರೊಂದು ನಿಯಮವನ್ನು ಕೈಗೊಳ್ಳಬೇಕೆಂದು ಬಯಸುವ ಶ್ರಾವಕ-ಶ್ರಾವಿಕೆಯರಲ್ಲಿ ಕೆಲವರು ಇದನ್ನೇ ವ್ರತವೆಂದು ಸ್ವೀಕರಿಸಬಹುದೇ ಎಂದು ಕೇಳುತ್ತಾರೆ. ಅವರ ಸಮರ್ಥನೆಯೂ ತೂಕವುಳ್ಳದ್ದೇ. ಅಡುಗೆಯಲ್ಲಿ ಅಗ್ನಿಕಾಯ, ವಾಯುಕಾಯ ಜೀವಗಳ ವಿರಾಧನೆಯಾಗುತ್ತದೆ. ಒಲೆಯನ್ನೇ ಹೊತ್ತಿಸದಿದ್ದರೆ ಹಿಂಸೆ ಕಡಿಮೆಯಾಗುವುದಿಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ, ಕ್ರಮವಾಗಿ ಪರಿಶೀಲಿಸಬೇಕು.

ಸಚಿತ್ತವೂ ಹಸಿಯೂ ಒಂದೇ ಅಲ್ಲ

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗ. ಹಸಿಯಾದ ಮೂಲ, ಫಲ, ಶಾಕ, ಚಿಗುರು, ಕಂದ, ಹೂವು, ಬೀಜಗಳನ್ನು ಯಾರು ಸೇವಿಸುವುದಿಲ್ಲವೋ ಅವನು ದಯೆಯೇ ಮೂರ್ತಿವೆತ್ತವನು ಎಂಬ ಅಭಿಪ್ರಾಯವನ್ನು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ವ್ಯಕ್ತಪಡಿಸಿದ್ದಾರೆ. ಆಧುನಿಕರು ಯಾವುದನ್ನು ಸೇವಿಸುವುದೇ ಸಾಧನೆ ಎನ್ನುತ್ತಾರೋ ಅದನ್ನು ಬಿಡುವುದನ್ನೇ ಶಾಸ್ತ್ರವು ಸಾಧನೆ ಎನ್ನುತ್ತದೆ. ಮೇಲ್ನೋಟಕ್ಕೆ ಇವೆರಡೂ ನೇರವಾಗಿ ವಿರುದ್ಧವಾದವು.

ಆದರೆ ವಿಷಯವು ಇಷ್ಟಕ್ಕೇ ಮುಗಿಯುವುದಿಲ್ಲ. ಪದಾರ್ಥವು ಪ್ರಾಸುಕವಾಗಲು, ಎಂದರೆ ಜೀವರಹಿತವಾಗಲು, ಬೆಂಕಿಯೊಂದೇ ಮಾರ್ಗವೆಂದು ಪರಂಪರೆ ಹೇಳಿಲ್ಲ. ಒಣಗಿಸುವುದು, ಪಕ್ವವಾಗುವುದು, ಕಾಯಿಸುವುದು, ಹುಳಿ-ಉಪ್ಪುಗಳನ್ನು ಬೆರೆಸುವುದು, ಯಂತ್ರದಿಂದ ಕತ್ತರಿಸುವುದು ಅಥವಾ ಅರೆಯುವುದು ಎಂಬ ಐದು ಬಗೆಗಳು ಪ್ರಾಚೀನ ಪ್ರಾಕೃತ ಗಾಥೆಯೊಂದರಲ್ಲಿ ಎಣಿಸಲ್ಪಟ್ಟಿವೆ. ಇವುಗಳಲ್ಲಿ ಹಲವಕ್ಕೆ ಒಲೆಯ ಅಗತ್ಯವಿಲ್ಲ. ಆದ್ದರಿಂದ ಬೆಂಕಿ ಕಾಣದೆಯೂ ಅಚಿತ್ತವಾದ ಆಹಾರವುಂಟು. ಇನ್ನೊಂದೆಡೆ, ಬೆಂದದ್ದೆಲ್ಲವೂ ನಿರ್ದೋಷವೆಂದೂ ಭಾವಿಸಬಾರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಭೋಗೋಪಭೋಗ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಸಚಿತ್ತಾಹಾರದೊಡನೆ ದುಷ್ಪಕ್ವಾಹಾರವನ್ನೂ, ಎಂದರೆ ಸರಿಯಾಗಿ ಬೇಯದ ಆಹಾರವನ್ನೂ, ಸೇರಿಸಲಾಗಿದೆ.

ಹೀಗಾಗಿ ‘ಹಸಿ’ ಎಂಬುದು ತನ್ನಷ್ಟಕ್ಕೆ ಪುಣ್ಯವೂ ಅಲ್ಲ, ‘ಬೆಂದದ್ದು’ ಎಂಬುದು ತನ್ನಷ್ಟಕ್ಕೆ ಪಾಪವೂ ಅಲ್ಲ. ಒಲೆಯ ಹಿಂಸೆಯನ್ನು ಕುರಿತ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಒಲೆ ಹೊತ್ತಿಸದೆ, ಮೊಳೆತ ಕಾಳನ್ನೂ ಎಳೆಯ ಚಿಗುರನ್ನೂ ಗೆಡ್ಡೆಯನ್ನೂ ತಟ್ಟೆಯ ತುಂಬ ತುಂಬಿಕೊಂಡರೆ ಹಿಂಸೆಯು ಒಲೆಯಿಂದ ತಟ್ಟೆಗೆ ಸ್ಥಳಾಂತರವಾಯಿತೇ ಹೊರತು ಕಡಿಮೆಯಾಗಲಿಲ್ಲ. ಪದಾರ್ಥಗಳ ಸಂಖ್ಯೆಯನ್ನೂ ಊಟದ ಹೊತ್ತನ್ನೂ ಮಿತಗೊಳಿಸಿದಾಗ ಮಾತ್ರ ಆರಂಭಹಿಂಸೆ ನಿಜವಾಗಿ ತಗ್ಗುತ್ತದೆ.

ಯಮ ಮತ್ತು ನಿಯಮ

ಭೋಗೋಪಭೋಗಗಳ ತ್ಯಾಗವು ಎರಡು ವಿಧವೆಂದು ಸಮಂತಭದ್ರಾಚಾರ್ಯರು ವಿಭಾಗಿಸಿದ್ದಾರೆ. ಜೀವನಪರ್ಯಂತ ಧರಿಸುವುದು ಯಮ. ಕಾಲದ ಮಿತಿಯನ್ನಿಟ್ಟು ಧರಿಸುವುದು ನಿಯಮ. ನಿಯಮದ ಅವಧಿಯು ಒಂದು ಹಗಲಾಗಬಹುದು, ಒಂದು ರಾತ್ರಿಯಾಗಬಹುದು, ಪಕ್ಷ, ಮಾಸ, ಋತು ಅಥವಾ ಆರು ತಿಂಗಳ ಅಯನವಾಗಬಹುದು. ಅಲ್ಪಕಾಲದ ಆಹಾರಪ್ರಯೋಗಕ್ಕೆ ಶಾಸ್ತ್ರದಲ್ಲಿ ಸ್ಥಾನವಿದ್ದರೆ ಅದು ಈ ನಿಯಮದಲ್ಲಿಯೇ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು: ವ್ರತವಾಗುವುದು ಆಹಾರದ ಹಸಿತನವಲ್ಲ, ಅದಕ್ಕೆ ಹಾಕಿದ ಮಿತಿ. ಏಳು ದಿನ ಹಸಿಯದನ್ನು ಹೊಟ್ಟೆ ಬಿರಿಯುವಂತೆ, ಹೊತ್ತಿನ ಕಟ್ಟಿಲ್ಲದೆ ತಿಂದವನು ರುಚಿಯನ್ನು ಬದಲಿಸಿದನೇ ಹೊರತು ನಿಯಮವನ್ನು ಪಾಲಿಸಲಿಲ್ಲ. ಎರಡು ಪದಾರ್ಥಗಳನ್ನು ಒಪ್ಪಿಕೊಂಡು, ಸೂರ್ಯಾಸ್ತಕ್ಕೆ ಮುಂಚೆ ಒಮ್ಮೆ ಉಂಡು ಏಳುವವನು, ಆ ಪದಾರ್ಥಗಳು ಬೆಂದವಾಗಿದ್ದರೂ, ನಿಯಮಸ್ಥನೇ ಸರಿ.

ಗಾಂಧೀಜಿಯವರ ಎರಡು ಅನುಭವಗಳು

ಈ ಭೇದವನ್ನು ತಿಳಿಯಲು ಮಹಾತ್ಮಾ ಗಾಂಧಿಯವರ ಜೀವನವು ಉಪಯುಕ್ತವಾದ ಉದಾಹರಣೆ. 1915ರಲ್ಲಿ ಹರಿದ್ವಾರದ ಕುಂಭಮೇಳದ ಸಂದರ್ಭದಲ್ಲಿ ಅವರು ಎರಡು ಪ್ರತಿಜ್ಞೆಗಳನ್ನು ಕೈಗೊಂಡರು. ದಿನವೊಂದಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥಗಳನ್ನು ಸೇವಿಸಬಾರದು ಎಂಬುದು ಒಂದು. ಕತ್ತಲಾದ ಮೇಲೆ ಉಣ್ಣಬಾರದು ಎಂಬುದು ಇನ್ನೊಂದು. ಜೈನ ಗೃಹಸ್ಥನಿಗೆ ಇವೆರಡೂ ಮನೆಯ ಮಾತಿನಂತೆ ಪರಿಚಿತ. ಈ ಪ್ರತಿಜ್ಞೆಗಳು ಅವರನ್ನು ಪರೀಕ್ಷೆಗೊಡ್ಡಿದರೂ ಕಾಪಾಡಿದುವೆಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಹದಿನಾಲ್ಕು ವರ್ಷಗಳ ಅನಂತರ, 1929ರಲ್ಲಿ, ಅವರು ಬೆಂಕಿ ಮುಟ್ಟದ ಆಹಾರದ ಪ್ರಯೋಗವನ್ನು ಆರಂಭಿಸಿದರು. ಮೊಳಕೆ ಬಂದ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನು ಇವು ಅದರ ಮುಖ್ಯ ಪದಾರ್ಥಗಳು. ಅದರ ವಿವರಗಳನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟಿಸುತ್ತಲೂ ಇದ್ದರು. ಕೆಲವು ತಿಂಗಳಲ್ಲಿ ಆಮಶಂಕೆ ತಲೆದೋರಿ, ಶರೀರ ಕೃಶವಾಗಿ, ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಅವರು ಅದನ್ನು ಮರೆಮಾಚಲಿಲ್ಲ, ಹಟ ಹಿಡಿದು ಮುಂದುವರಿಸಲೂ ಇಲ್ಲ.

ಎರಡನ್ನೂ ಹೋಲಿಸಿದರೆ ಪಾಠವು ಸ್ಪಷ್ಟವಾಗುತ್ತದೆ. ಮಿತಿಯ ಪ್ರತಿಜ್ಞೆಯು ಬಾಳಿಗೆ ಆಸರೆಯಾಯಿತು. ಹಸಿಯ ಆಹಾರವು ಪ್ರಯೋಗವಾಗಿಯೇ ಉಳಿದು, ದೇಹ ಒಲ್ಲೆನೆಂದಾಗ ಬಿಡಲ್ಪಟ್ಟಿತು. ಅದನ್ನೇ ಅವರು ಆಜೀವ ವ್ರತವೆಂದು ಸ್ವೀಕರಿಸಿದ್ದರೆ ವ್ರತಭಂಗ ಅಥವಾ ದೇಹನಾಶ ಎರಡರಲ್ಲೊಂದು ಅನಿವಾರ್ಯವಾಗುತ್ತಿತ್ತು. ಆದ್ದರಿಂದ ಅಭ್ಯಾಸವಿಲ್ಲದ ಆಹಾರಕ್ರಮವನ್ನು ಯಮವಾಗಿ ಎಂದಿಗೂ ಕೈಗೊಳ್ಳಬಾರದು.

ದೇಹದ ಸಾಕ್ಷ್ಯ

ವೈದ್ಯಶಾಸ್ತ್ರವು ಈ ವಿಷಯದಲ್ಲಿ ಮಧ್ಯಮ ಮಾರ್ಗವನ್ನೇ ತೋರಿಸುತ್ತದೆ. ಕಾಯಿಸಿದರೆ ‘ಸಿ’ ಜೀವಸತ್ವ ಬಹುಮಟ್ಟಿಗೆ ನಷ್ಟವಾಗುತ್ತದೆ. ಹಣ್ಣು, ಸೌತೆಗಳನ್ನು ಹಸಿಯಾಗಿ ತಿನ್ನುವುದರ ಲಾಭ ಇಲ್ಲಿದೆ. ಧಾನ್ಯ ಮತ್ತು ಬೇಳೆಗಳ ಪಿಷ್ಟವಾದರೋ ಬೆಂದಾಗಲೇ ಚೆನ್ನಾಗಿ ಜೀರ್ಣವಾಗುತ್ತದೆ. ಟೊಮೇಟೊದ ಕೆಂಪು ವರ್ಣದ್ರವ್ಯವೂ ಬೆಂದಾಗಲೇ ದೇಹಕ್ಕೆ ಹೆಚ್ಚಾಗಿ ಒದಗುತ್ತದೆ. ಹುರುಳಿಕಾಯಿ ಜಾತಿಯ ರಾಜ್ಮಾ ಕಾಳನ್ನು ಹಸಿಯಾಗಿ ತಿಂದರೆ ಅದರಲ್ಲಿರುವ ವಿಷಾಂಶದಿಂದ ವಾಂತಿ-ಭೇದಿಗಳಾಗುತ್ತವೆ. ದೀರ್ಘಕಾಲ ಹಸಿಯ ಆಹಾರವನ್ನೇ ಅವಲಂಬಿಸಿದವರನ್ನು ಕುರಿತು ಜರ್ಮನಿಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 45 ವರ್ಷಕ್ಕಿಂತ ಕಡಿಮೆ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ನೂರಕ್ಕೆ 30 ಮಂದಿಗೆ ಋತುಸ್ರಾವವು ಭಾಗಶಃ ಅಥವಾ ಪೂರ್ತಿಯಾಗಿ ನಿಂತಿದ್ದುದು ಕಂಡುಬಂತು. ಕೆಲವು ದಿನಗಳ ಪ್ರಯೋಗಕ್ಕೂ ವರ್ಷಗಟ್ಟಲೆಯ ಪದ್ಧತಿಗೂ ಇರುವ ಅಂತರವನ್ನು ಇದು ತೋರಿಸುತ್ತದೆ.

ಮಧುಮೇಹಕ್ಕೆ ಔಷಧ ಸೇವಿಸುವ ಗೃಹಸ್ಥನೊಬ್ಬನು ಮಾತ್ರೆಯನ್ನು ಮೊದಲಿನಂತೆಯೇ ನುಂಗುತ್ತ, ಊಟವನ್ನು ಮಾತ್ರ ಸೌತೆ ಮತ್ತು ತೆಂಗಿನ ತುರಿಗೆ ಇಳಿಸಿದನೆಂದು ಊಹಿಸಿದರೆ, ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಅವನು ಪ್ರಜ್ಞೆ ತಪ್ಪುವ ಸಂಭವವುಂಟು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ವೃದ್ಧರು, ಮೂತ್ರಪಿಂಡ ಅಥವಾ ಜಠರದ ರೋಗವುಳ್ಳವರು ಇದಕ್ಕೆ ಕೈಹಾಕಬಾರದು. ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಇಂತಹ ಪಥ್ಯವನ್ನು ವೈದ್ಯರ ಕಣ್ಗಾವಲಿನಲ್ಲಿಯೇ ಕೊಡುತ್ತಾರೆ. ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ಪ್ರಕೃತಿ ಚಿಕಿತ್ಸಾ ಮಹಾವಿದ್ಯಾಲಯವು ಈ ಶಾಸ್ತ್ರವನ್ನೇ ಕ್ರಮಬದ್ಧವಾಗಿ ಬೋಧಿಸುತ್ತಿದೆ. ಶರೀರವು ಧರ್ಮಸಾಧನವಾದುದರಿಂದ ಅದನ್ನು ಅಜ್ಞಾನದಿಂದ ಹಾಳುಮಾಡುವುದನ್ನು ತಪಸ್ಸೆನ್ನಲಾಗದು.

ಜೈನ ಗೃಹಸ್ಥನಿಗೆ ಯೋಗ್ಯವಾದ ಕ್ರಮ

ಪುಸ್ತಕಗಳಲ್ಲಿ ಹೇಳುವ ಹಸಿಯ ಊಟದ ಪಟ್ಟಿಯನ್ನು ಹಾಗೆಯೇ ಅನುಸರಿಸಿದರೆ ಶ್ರಾವಕನು ಹೆಜ್ಜೆಹೆಜ್ಜೆಗೂ ಎಡವುತ್ತಾನೆ. ಅದರಲ್ಲಿ ಜೇನು ಇರುತ್ತದೆ. ಮಧುತ್ಯಾಗವು ಮೂಲಗುಣಗಳಲ್ಲೇ ಸೇರಿದೆ. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಹಸಿಶುಂಠಿ ಇರುತ್ತವೆ. ಮೂಲಂಗಿಯನ್ನೂ ಹಸಿಶುಂಠಿಯನ್ನೂ ಅಲ್ಪಫಲ-ಬಹುಘಾತವೆಂದು ಸಮಂತಭದ್ರರು ಹೆಸರಿಸಿಯೇ ನಿಷೇಧಿಸಿದ್ದಾರೆ. ಅಂಜೂರ ಇರುತ್ತದೆ, ಅದು ಆಲ, ಅರಳಿ, ಅತ್ತಿಗಳೊಡನೆ ಪಂಚೋದುಂಬರಗಳ ಗುಂಪಿಗೆ ಸೇರುತ್ತದೆ. ಮೊಳಕೆಕಾಳಂತೂ ಪ್ರತಿ ಪುಟದಲ್ಲಿಯೂ ಇರುತ್ತದೆ. ಜೀವವು ಅಂಕುರಿಸುತ್ತಿರುವ ಬೀಜವನ್ನೇ ಆರಿಸಿ ತಿನ್ನುವುದು ದಯೆಯ ದಾರಿಯಲ್ಲ. ಮಳೆಗಾಲದಲ್ಲಿ ಹಸಿ ಸೊಪ್ಪು ಇನ್ನಷ್ಟು ವರ್ಜ್ಯ. ಎಲೆಯ ಮಡಿಕೆಯಲ್ಲಿ ಅಡಗಿದ ಸೂಕ್ಷ್ಮ ಕ್ರಿಮಿಗಳು ತೊಳೆದರೂ ಪೂರ್ತಿಯಾಗಿ ಹೋಗುವುದಿಲ್ಲ.

ಹಾಗಾದರೆ ಉಳಿಯುವುದೇನು? ಕನ್ನಡನಾಡಿನ ಮನೆಗಳಲ್ಲಿ ಬಹುಕಾಲದಿಂದ ಇರುವ ಕೋಸಂಬರಿಯನ್ನೇ ನೋಡಬಹುದು. ಹೆಸರುಬೇಳೆಯು ಒಡೆದ ಬೇಳೆಯಾದುದರಿಂದ ಮೊಳೆಯಲಾರದು. ಅದನ್ನು ಬೆಳಗಾದ ಮೇಲೆ ಸೋಸಿ ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಹಾಕಿ, ಸಿಪ್ಪೆ-ಬೀಜ ತೆಗೆದು ಸಣ್ಣಗೆ ಹೆಚ್ಚಿದ ಸೌತೆ, ತುರಿದ ತೆಂಗು, ಉಪ್ಪು, ನಿಂಬೆರಸಗಳನ್ನು ಸೇರಿಸಿದರೆ ಕತ್ತರಿಸುವುದು ಮತ್ತು ಹುಳಿ-ಉಪ್ಪು ಬೆರೆಸುವುದು ಎಂಬ ಎರಡು ಪ್ರಾಸುಕವಿಧಿಗಳು ಒಟ್ಟಿಗೆ ಕೂಡುತ್ತವೆ. ಹಸಿ ಮೊಸರನ್ನು ಮಾತ್ರ ಅದಕ್ಕೆ ಬೆರೆಸಬಾರದು, ದ್ವಿದಳ ದೋಷವುಂಟಾಗುತ್ತದೆ. ಚೆನ್ನಾಗಿ ಪಕ್ವವಾದ ಬಾಳೆ, ಬೀಜ ತೆಗೆದ ಪರಂಗಿ, ಒಣದ್ರಾಕ್ಷಿ, ಖರ್ಜೂರ, ಕೊಬ್ಬರಿ ಇವೂ ಒದಗುತ್ತವೆ. ಮಂಡ್ಯ ಸೀಮೆಯಲ್ಲಿ ತೆಂಗು-ಬಾಳೆಗಳಿಗೆ ಕೊರತೆಯೂ ಇಲ್ಲ. ಪ್ರಾಸುಕತೆಯ ವಿವರಗಳಲ್ಲಿ ಆಮ್ನಾಯಭೇದವಿರುವುದರಿಂದ ತಮ್ಮ ಪರಂಪರೆಯ ಗುರುಗಳನ್ನು ಕೇಳಿ ನಿಶ್ಚಯಿಸಿಕೊಳ್ಳುವುದು ಉತ್ತಮ. ಐದನೆಯ ಪ್ರತಿಮೆಯನ್ನು ಧರಿಸಿದವರು ಇಂತಹ ಪ್ರಯೋಗಕ್ಕೆ ತೊಡಗಬೇಕಾದ ಅಗತ್ಯವೇ ಇಲ್ಲ.

ನಿಯಮವನ್ನು ಕೈಗೊಳ್ಳುವ ಕ್ರಮವು ಹೀಗಿರಬಹುದು:

1. ಮೊದಲು ಒಂದು ದಿನ, ಅದೂ ಒಂದು ಹೊತ್ತಿನ ಊಟಕ್ಕೆ ಮಾತ್ರ. ದೇಹ ಒಪ್ಪಿದರೆ ಮೂರು ದಿನ. ಏಳು ದಿನ ಮೀರಬಾರದು.

2. ಪದಾರ್ಥಗಳ ಸಂಖ್ಯೆಯನ್ನು ಮುಂಚೆಯೇ ನಿಶ್ಚಯಿಸಬೇಕು. ಸಂಖ್ಯೆಯಿಲ್ಲದ ನಿಯಮ ನಿಯಮವಲ್ಲ.

3. ಸೋಸಿದ ನೀರಿನ ಮರ್ಯಾದೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಹಸಿಯ ಆಹಾರದ ದಿನಗಳಲ್ಲಿಯೂ ಕುದಿಸಿದ ನೀರನ್ನು ಬಿಡಬಾರದು.

4. ಜ್ವರ, ಭೇದಿ, ತಲೆಸುತ್ತು ಕಂಡುಬಂದರೆ ಪ್ರಯೋಗವನ್ನು ನಿಲ್ಲಿಸಬೇಕು. ಪ್ರತ್ಯಾಖ್ಯಾನವನ್ನು ಸ್ವೀಕರಿಸುವಾಗಲೇ ಅನಾರೋಗ್ಯದ ಅಪವಾದವನ್ನು ಹೇಳಿಕೊಂಡಿದ್ದರೆ ಭಂಗದೋಷವಿಲ್ಲ.

5. ಅಡುಗೆಯಿಂದ ಉಳಿದ ಹೊತ್ತನ್ನು ಸ್ವಾಧ್ಯಾಯಕ್ಕೆ ಕೊಡಬೇಕು. ಒಬ್ಬರ ನಿಯಮಕ್ಕಾಗಿ ಮನೆಯ ಸ್ತ್ರೀಯರು ಎರಡು ಬಗೆಯ ಅಡುಗೆಗೆ ದುಡಿಯುವಂತಾದರೆ ಆರಂಭಹಿಂಸೆ ಇಮ್ಮಡಿಯಾದಂತೆಯೇ.

ಮಂಡ್ಯ ಜಿಲ್ಲೆಯ ಕಂಬದಹಳ್ಳಿಯ ಬಸದಿಗಳೂ ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಜೈನ ಅವಶೇಷಗಳೂ ಈ ನೆಲದಲ್ಲಿ ಒಂದು ಕಾಲಕ್ಕೆ ವ್ರತಿಗಳು ನಡೆದಾಡಿದ್ದರ ಕುರುಹುಗಳು. ಉಂಡದ್ದು ಬೆಂದದ್ದೋ ಹಸಿಯೋ ಎಂಬುದಕ್ಕಿಂತ ಎಷ್ಟು ಉಂಡೆ, ಯಾವಾಗ ನಿಲ್ಲಿಸಿದೆ ಎಂಬುದೇ ಅವರ ಪರಂಪರೆಯು ಕೇಳುವ ಪ್ರಶ್ನೆ. ಕಾವೇರಿಯ ನೀರು ಶಿವನಸಮುದ್ರದಲ್ಲಿ ಕಟ್ಟೆಗೆ ಒಳಪಟ್ಟ ಮೇಲೆಯೇ ಊರಿಗೆ ಕುಡಿಯುವ ನೀರಾಯಿತು. ಆಹಾರವೂ ಮಿತಿಯೆಂಬ ಕಟ್ಟೆಗೆ ಒಳಪಟ್ಟ ಮೇಲೆಯೇ ವ್ರತವಾಗುತ್ತದೆ.